ಅಮ್ಮನ ಜೊತೆ ಯುನೊಮಿನೆಯಲ್ಲಿ, ಬಿಸಿನೀರಿನ ಪಕ್ಕ

ಅಮ್ಮ ತೀರ್ಥಹಳ್ಳಿಯಿಂದ ಒಸಾಕಾಗೆ ಬರ್ತಾಳೆ ಅಂದಾಗ ಎಲ್ಲರೂ ಕೇಳಿದ್ದು ಒಂದೇ, ಟೋಕಿಯೊ ತೋರಿಸ್ತೀಯಾ, ಫ್ಯೂಜಿ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀಯಾ ಅಂತ. ನಂಗೆ ಅವಳನ್ನ ಎಲ್ಲೂ ಓಡಾಡಿಸೋ ಮನಸ್ಸಿರಲಿಲ್ಲ, ಅವಳ ಮಂಡಿ ನೋವು ಒಂದು ಕಡೆ, ಜೊತೆಗೆ ನಲವತ್ತು ವರ್ಷ ಮನೆ, ಕೊಟ್ಟಿಗೆ, ನೆಂಟರು ಅಂತ ನಿಂತೇ ಇದ್ದವಳನ್ನ ನಾಲ್ಕು ದಿನ ಸುಮ್ನೆ ಕೂರಿಸಬೇಕು ಅನ್ನೋದು ಬಹಳ ದಿನದ ಆಸೆ. ಜಪಾನಲ್ಲಿ ಅದಕ್ಕೆ ಅಂತಾನೇ ಒಂದು ಪದ್ಧತಿ ಇದೆ, ತೋಜಿ ಅಂತಾರೆ. ಗದ್ದೆ ಕೆಲಸ ಮುಗಿದ ಮೇಲೆ ರೈತರು, ಮೀನುಗಾರರು ಬಿಸಿನೀರಿನ ಊರಿಗೆ ಹೋಗಿ ವಾರಗಟ್ಟಲೆ ಇದ್ದು, ದಿನಾ ನೀರಲ್ಲಿ ಕೂತು, ತಾವೇ ಅಡುಗೆ ಮಾಡ್ಕೊಂಡು, ಮೈ ಸರಿ ಮಾಡ್ಕೊಂಡು ವಾಪಸ್ ಬರ್ತಿದ್ರು. ನೋಡೋ ಜಾಗಗಳ ಪಟ್ಟಿ ಇಲ್ದೇ ಇರೋ ಅಂಥ ಪ್ರವಾಸ ನಮಗೆ ಬೇಕಿತ್ತು.

ಹಾಗೆ ಆರಿಸಿದ್ದು ಯುನೊಮಿನೆ. ವಾಕಾಯಾಮಾ ಪ್ರಾಂತ್ಯದ ಕುಮಾನೊ ಬೆಟ್ಟಗಳ ನಡುವೆ ಒಂದು ಸಣ್ಣ ಹಳ್ಳ, ಅದರ ಎರಡೂ ದಂಡೇಲಿ ಹತ್ತಾರು ಮನೆ, ಅದ್ರಲ್ಲಿ ಅರ್ಧಕ್ಕೆ ಹೆಚ್ಚು ಉಳ್ಕೊಳ್ಳೋ ಮನೆಗಳೇ. ನವೆಂಬರ್ ಕೊನೆಗೆ ಹೊರಟ್ವಿ.

ಮೊದಲ ದಿನ

ಒಸಾಕಾದಿಂದ ಕುರೋಶಿಯೊ ಅನ್ನೋ ಎಕ್ಸ್‌ಪ್ರೆಸ್ ಟ್ರೇನು, ಕೀ-ತನಾಬೆ ಸ್ಟೇಷನ್‌ಗೆ ಸುಮಾರು ಎರಡು ಗಂಟೆ. ಬಲಗಡೆ ಕಿಟಕಿ ಸೀಟು ಹಿಡೀರಿ, ವಾಕಾಯಾಮಾ ದಾಟಿದ ಮೇಲೆ ಸಮುದ್ರ ಸಿಗುತ್ತೆ. ಎಡಕ್ಕೆ ಗುಡ್ಡದ ತುಂಬಾ ಮಿಕಾನ್ ಕಿತ್ತಳೆ ತೋಟ, ಹಣ್ಣಿನ ಸೀಸನ್ ಆದ್ರಿಂದ ಗುಡ್ಡ ಪೂರ್ತಿ ಕಿತ್ತಳೆ ಚುಕ್ಕಿ. ಅಮ್ಮ ಕಿಟಕಿಗೆ ಹಣೆ ಒತ್ತಿಕೊಂಡು ಇಷ್ಟು ಕಡಿದಾದ ಜಾಗದಲ್ಲಿ ಕುಯ್ಲು ಹೇಗೆ ಮಾಡ್ತಾರೋ, ಹೊರೋರು ಯಾರೋ ಅಂತ ಚಿಂತೆ ಮಾಡ್ತಿದ್ಲು. ಹಣ್ಣು ಇಳಿಸೋಕೆ ಗುಡ್ಡದ ಮೇಲೆ ಒಂದೇ ಕಂಬಿಯ ಪುಟಾಣಿ ಗಾಡಿ ಇರುತ್ತೆ ಅಂತ ಹೇಳಿದ್ಮೇಲೆ ಸಮಾಧಾನ ಆಯ್ತು.

ಕೀ-ತನಾಬೆಯಿಂದ ಬಸ್ಸು, ಹತ್ರ ಹತ್ರ ಎರಡು ಗಂಟೆ. ಹತ್ತೋವಾಗ ಮಷೀನಿಂದ ನಂಬರ್ ಚೀಟಿ ತಗೋಬೇಕು, ಇಳಿಯೋವಾಗ ಮುಂದಿನ ಬೋರ್ಡಲ್ಲಿ ಆ ನಂಬರ್ ಕೆಳಗೆ ಎಷ್ಟು ತೋರಿಸುತ್ತೋ ಅಷ್ಟು ಚಿಲ್ಲರೆ ಹಾಕಬೇಕು. ದಾರಿ ನದಿ ಜೊತೆಗೇ ಹೋಗುತ್ತೆ, ಎರಡೂ ಕಡೆ ಸುಗಿ ಅನ್ನೋ ಸೂಜಿ ಎಲೆ ಮರಗಳ ಕಾಡು, ಒಂದೇ ಎತ್ತರ ಒಂದೇ ಸಾಲು, ನೆಟ್ಟ ಕಾಡು ಅಂತ ಮಲೆನಾಡಿನವಳಿಗೆ ನೋಡಿದ ತಕ್ಷಣ ಗೊತ್ತಾಯ್ತು. ಪಕ್ಕದಲ್ಲೇ ಎಲ್ಲೋ ಕುಮಾನೊ ಕೋಡೊ ಯಾತ್ರೆ ದಾರಿ ಹೋಗುತ್ತೆ. ಸಾವಿರ ವರ್ಷದಿಂದ ರಾಜರು, ಸನ್ಯಾಸಿಗಳು, ರೋಗಿಗಳು, ಬಡವರು ಈ ಬೆಟ್ಟ ಹತ್ತಿ ಇಳಿದು ಹೊಂಗು ದೇವಸ್ಥಾನಕ್ಕೆ ನಡೆದು ಬರ್ತಿದ್ರು, ಸಾಲು ಸಾಲಾಗಿ ಬರೋರನ್ನ ನೋಡಿ ಕುಮಾನೊಗೆ ಹೊರಟ ಇರುವೆಗಳು ಅಂತ ಮಾತೇ ಹುಟ್ಕೊಂಡಿತ್ತು. ಪಟ್ಟ ಬಿಟ್ಟ ಚಕ್ರವರ್ತಿ ಗೊ-ಶಿರಾಕಾವಾ ಕ್ಯೋಟೊದಿಂದ 30ಕ್ಕೂ ಹೆಚ್ಚು ಸಲ ಬಂದಿದ್ನಂತೆ. ಈ ದಾರಿಗಳು, ದೇವಸ್ಥಾನಗಳು 2004ರಿಂದ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿವೆ. ಹೊಂಗುಗೆ ಹೋಗೋ ಮುಂಚೆ ಮೈ ಶುದ್ಧ ಮಾಡ್ಕೊಳ್ಳೋಕೆ ಯಾತ್ರಿಕರು ಸ್ನಾನ ಮಾಡ್ತಿದ್ದ ಊರು ಇದೇ ಯುನೊಮಿನೆ.

ಬಸ್ ಇಳಿದ ಕೂಡ್ಲೇ ಗಂಧಕದ ವಾಸನೆ. ಹಳ್ಳದ ಕಲ್ಲುಗಳ ಸಂದಿಯಿಂದ ಹಬೆ ಏಳ್ತಾ ಇತ್ತು. ನಮ್ ಕಡೆ ಬಿಸಿನೀರ ಬುಗ್ಗೆ ಅಂದ್ರೆ ಪುತ್ತೂರಿನ ಹತ್ರ ಇರ್ದೆಯ ಬೆಂದ್ರ್ ತೀರ್ಥ, ಅಮ್ಮ ಅದನ್ನ ನೋಡಿದಾಳೆ, ಆದ್ರೆ ಅಲ್ಲಿ ನೀರು ಬೆಚ್ಚಗಷ್ಟೇ. ಇಲ್ಲಿ ನೆಲದಿಂದ ಬರೋದೇ ಸುಮಾರು 90 ಡಿಗ್ರಿ. ಅಮ್ಮ ಸೇತುವೆ ಮೇಲೆ ನಿಂತು ಕೈ ಮುಗಿದ್ಲು.

ನಾವು ಉಳ್ಕೊಂಡಿದ್ದು ಮಿನ್‌ಶುಕು, ಅಂದ್ರೆ ಒಂದು ಕುಟುಂಬ ತಮ್ಮ ಮನೇಲೇ ನಡೆಸೋ ಸಣ್ಣ ವಸತಿ. ಯಜಮಾನಿಗೆ ಎಪ್ಪತ್ತರ ಮೇಲೆ ವಯಸ್ಸು, ಬಾಗಿಲಲ್ಲೇ ಕಾಯ್ತಿದ್ರು. ಅಮ್ಮ ಮೆಟ್ಟಿಲಿಗೆ ಗೋಡೆ ಹಿಡ್ಕೊಂಡು ಹತ್ತಿದ್ದನ್ನ ನೋಡಿ ಒಂದು ಮಾತೂ ಆಡ್ಲಿಲ್ಲ, ನಾವು ಟೀ ಕುಡಿಯೋ ಅಷ್ಟರಲ್ಲಿ ಚಾಪೆ ಮೇಲೆ ಇಡೋ ಗಿಡ್ಡ ಕುರ್ಚಿ ಒಂದು ರೂಮಿಗೆ ಬಂತು, ರಾತ್ರಿ ಅಮ್ಮನ ಹಾಸಿಗೆ ಒಂದರ ಮೇಲೊಂದು ಎರಡು ಪದರ ಆಗಿತ್ತು. ಅಮ್ಮನಿಗೆ ಯುಕಾತಾ, ಅಂದ್ರೆ ಸೊಂಟಕ್ಕೆ ಪಟ್ಟಿ ಕಟ್ಟೋ ಹತ್ತಿಯ ನಿಲುವಂಗಿ, ಉಡಿಸಿದ್ದೂ ಅವರೇ, ಎಡ ಸೆರಗು ಮೇಲೆ ಬರಬೇಕು, ಬಲದ್ದು ಮೇಲೆ ಬಂದ್ರೆ ಅದು ಹೆಣಕ್ಕೆ ಉಡಿಸೋ ರೀತಿ ಅಂತೆ. ಅಮ್ಮ ಅವರನ್ನ ಅಕ್ಕಾ ಅಂತ ಕರೆಯೋಕೆ ಶುರು ಮಾಡಿದ್ಲು. ಅವರು ಅಮ್ಮನ್ನ ಒಕಾಸಾನ್, ಅಂದ್ರೆ ಅಮ್ಮ, ಅಂತಿದ್ರು.

ಸ್ನಾನದ ಬಗ್ಗೆ ಅಮ್ಮನಿಗೆ ದೊಡ್ಡ ಅಳುಕಿತ್ತು, ಬಟ್ಟೆ ಇಲ್ದೇ ಬೇರೆಯವರ ಮುಂದೆ ಹೇಗೆ ಅಂತ. ಈ ಮನೇಲಿ ಒಳಗಿಂದ ಚಿಲಕ ಹಾಕೊಳ್ಳೋ ಸ್ನಾನದ ಕೋಣೆ ಇದೆ ಅಂತ ನೋಡಿಯೇ ಬುಕ್ ಮಾಡಿದ್ದೆ, ನಿಮ್ಮಮ್ಮಂದ್ರನ್ನ ಕರ್ಕೊಂಡು ಹೋಗೋದಾದ್ರೆ ಇದನ್ನ ಖಂಡಿತ ನೋಡ್ಕೊಳ್ಳಿ. ಮೊದ್ಲು ಗಿಡ್ಡ ಸ್ಟೂಲ್ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ಸ್ನಾನ ಮುಗಿಸ್ಬೇಕು, ಕೂದಲು ಮೇಲೆ ಕಟ್ಟಬೇಕು, ಆಮೇಲಷ್ಟೇ ತೊಟ್ಟಿಗೆ ಇಳಿಯೋದು, ಟವೆಲ್ ನೀರಿಗೆ ಸೋಕಬಾರದು. ಅಮ್ಮ ಅಂಚು ಹಿಡ್ಕೊಂಡು ಒಂದೊಂದೇ ಕಾಲು ಇಳಿಸಿ, ಕುತ್ತಿಗೆವರೆಗೂ ಮುಳುಗಿ, ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಮುಚ್ಚಿಕೊಂಡೇ ಅಂದ್ಲು, "ಪುಟ್ಟಿ, ನಮ್ಮನೆ ಬಚ್ಚಲ ಹಂಡೆ ಒಳಗೇ ಕೂತ ಹಾಗಿದೆ ನೋಡು, ಸೌದೆ ಮಾತ್ರ ಯಾರೂ ಹಾಕ್ತಿಲ್ಲ."

ರಾತ್ರಿ ಊಟಕ್ಕೆ ಬಿಸಿನೀರ ಬುಗ್ಗೆಯ ನೀರಲ್ಲೇ ಬೇಯಿಸಿದ ತೋಫು. ಸೋಡಾ ಅಂಶ ಇರೋ ನೀರಾದ್ರಿಂದ ತೋಫು ಅಂಚೆಲ್ಲ ಕರಗಿ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತೆ. ಜೊತೆಗೆ ಎಳ್ಳಿನ ತೋಫು, ಕಾಡಿನ ಸೊಪ್ಪು, ಅನ್ನ, ಉಪ್ಪಿನಕಾಯಿ. ಸಸ್ಯಾಹಾರದ ವಿಷಯ ತುಂಬಾ ಮುಖ್ಯ, ಇಲ್ಲಿ ಬರೀ ತರಕಾರಿ ಪಲ್ಯ ಅಂದ್ರೂ ಅದನ್ನ ಬೇಯಿಸೋ ಸಾರಲ್ಲಿ ಒಣಗಿಸಿದ ಮೀನಿನ ಚೂರು ಇರುತ್ತೆ. ನಾನು ತಿಂಗಳ ಮುಂಚೆನೇ ಜಪಾನೀ ಭಾಷೇಲಿ ಬರೆದು ಕಳಿಸಿದ್ದೆ, ಮೀನಿನ ಸಾರೂ ಬೇಡ, ಕೊಂಬು ಸಮುದ್ರಸೊಪ್ಪು ಮತ್ತೆ ಒಣ ಅಣಬೆ ಸಾರು ಆಗುತ್ತೆ ಅಂತ. ಅವರು ಅಮ್ಮನಿಗಾಗಿ ಬೇರೆ ಪಾತ್ರೇಲೇ ಮಾಡಿದ್ರು, ತಂದಿಟ್ಟಾಗ ಪ್ರತಿಯೊಂದನ್ನೂ ಬೆರಳು ತೋರಿಸಿ ಮೀನು ಇಲ್ಲ, ಮೀನು ಇಲ್ಲ ಅಂತ ಕೈ ಆಡಿಸಿ ಹೇಳಿದ್ರು.

ಎರಡನೇ ದಿನ

ಬೆಳಗಾಗೋ ಮುಂಚೆ ತ್ಸುಬೊಯುಗೆ ಹೋದ್ವಿ. ಹಳ್ಳದ ದಂಡೇಲಿ ಒಂದು ಮರದ ಗೂಡು, ಒಳಗೆ ಕಲ್ಲಿನ ಗುಂಡಿ, ಇಬ್ಬರು ಕೂತ್ರೆ ತುಂಬಿತು. ವಿಶ್ವ ಪರಂಪರೆ ಪಟ್ಟಿಯ ಭಾಗವಾಗಿರೋ ಈ ಗುಂಡೀಲಿ ಯಾರು ಬೇಕಾದ್ರೂ ಸ್ನಾನ ಮಾಡಬಹುದು, ಸಾರ್ವಜನಿಕ ಸ್ನಾನದ ಮನೆ ಕೌಂಟರಲ್ಲಿ ದುಡ್ಡು ಕೊಟ್ರೆ ನಂಬರ್ ಬಿಲ್ಲೆ ಕೊಡ್ತಾರೆ, ಒಂದು ಗುಂಪಿಗೆ 30 ನಿಮಿಷ. ಮುಂಗಡ ಬುಕಿಂಗ್ ಇಲ್ಲ, ಅದಕ್ಕೇ ಬೇಗ ಹೋಗಬೇಕು. ನೀರು ಗುಂಡಿಯ ತಳದ ಕಲ್ಲುಗಳ ಮಧ್ಯದಿಂದ ಬರುತ್ತೆ, ಜಾಸ್ತಿ ಸುಡ್ತಿದ್ರೆ ನಲ್ಲಿ ತಿರುಗಿಸಿ ತಣ್ಣೀರು ಸೇರಿಸ್ಕೋಬೇಕು. ದಿನಕ್ಕೆ ಏಳು ಸಲ ಬಣ್ಣ ಬದಲಾಯಿಸುತ್ತೆ ಅಂತಾರೆ, ನಾವು ಹೋದಾಗ ಮಬ್ಬು ಮಬ್ಬಾದ ಬೂದು ನೀಲಿ.

ನೀರಲ್ಲಿ ಕೂತು ಅಮ್ಮನಿಗೆ ಒಗುರಿ ಹಂಗಾನ್ ಕಥೆ ಹೇಳಿದೆ. ಒಗುರಿ ಅನ್ನೋ ವೀರನಿಗೆ ಹೆಂಡತಿ ಕಡೆಯವರು ವಿಷ ಹಾಕಿ ಕೊಲ್ತಾರೆ. ಸತ್ತು ಎನ್ಮಾ ಮುಂದೆ ನಿಲ್ತಾನೆ, ಎನ್ಮಾ ಅಂದ್ರೆ ನಮ್ಮ ಯಮನೇ, ಬೌದ್ಧರ ಜೊತೆ ಚೀನಾ ದಾಟಿ ಇಲ್ಲಿಗೆ ಬಂದವನು. ಯಮ ಅವನನ್ನ ಭೂಮಿಗೆ ವಾಪಸ್ ಕಳಿಸ್ತಾನೆ, ಆದ್ರೆ ಕಣ್ಣು ಕಾಣದ, ಕಿವಿ ಕೇಳದ, ಮಾತಾಡಕ್ಕೂ ಆಗದ ಮೂಳೆ ಚಕ್ಕಳದ ದೇಹದಲ್ಲಿ. ಕುಮಾನೊ ಬಿಸಿನೀರಲ್ಲಿ ಅದ್ದಿದ್ರೆ ಸರಿಯಾಗ್ತಾನೆ ಅಂತ ಬರೆದ ಹಲಗೆ ಕುತ್ತಿಗೆಗೆ ಕಟ್ಟಿ ಒಬ್ಬ ಸನ್ಯಾಸಿ ಅವನನ್ನ ಗಾಡಿ ಮೇಲೆ ಮಲಗಿಸ್ತಾನೆ, ಒಂದು ಸಲ ಎಳೆದವರಿಗೆ ಸಾವಿರ ಸನ್ಯಾಸಿಗಳಿಗೆ ಊಟ ಹಾಕಿದ ಪುಣ್ಯ. ದಾರೀಲಿ ಸಿಕ್ಕವರು ಸಿಕ್ಕಷ್ಟು ದೂರ ಎಳೀತಾರೆ. ಅವನ ಹೆಂಡತಿ ತೆರುತೆ ಆಗ ಒಂದು ಛತ್ರದಲ್ಲಿ ಕೂಲಿ ಮಾಡ್ತಿರ್ತಾಳೆ, ತನ್ನ ಗಂಡ ಅಂತ ಗೊತ್ತಿಲ್ದೇನೇ ರಜೆ ಕೇಳಿ ಕೆಲವು ದಿನ ಗಾಡಿ ಎಳೀತಾಳೆ. ಕೊನೆಗೆ ಈ ಗುಂಡಿಗೆ ಬಂದು, ಏಳು ದಿನಕ್ಕೆ ಕಣ್ಣು ತೆರೆದು, ಹದಿನಾಲ್ಕಕ್ಕೆ ಕಿವಿ ಕೇಳಿ, ಇಪ್ಪತ್ತೊಂದಕ್ಕೆ ಮಾತು ಬಂದು, 49ನೇ ದಿನಕ್ಕೆ ಪೂರ್ತಿ ಮನುಷ್ಯ ಆಗ್ತಾನೆ. ಅಮ್ಮ ತಡೆದು ಕೇಳಿದ್ದು ಒಂದೇ ಪ್ರಶ್ನೆ, "ತೆರುತೆಗೆ ಆಮೇಲಾದ್ರೂ ಗೊತ್ತಾಯ್ತಾ?" ಗೊತ್ತಾಯ್ತಮ್ಮ, ಸೇರ್ಕೊಂಡ್ರು ಅಂದೆ.

ತಿಂಡಿಗೆ ಬುಗ್ಗೆ ನೀರಲ್ಲೇ ಮಾಡಿದ ಅನ್ನದ ಗಂಜಿ, ಸ್ವಲ್ಪ ಹಳದಿ ಬಣ್ಣ, ನುಣ್ಣಗೆ, ಉಪ್ಪು ಹಾಕದಿದ್ರೂ ರುಚಿ ಇರುತ್ತೆ. ಮೇಲೊಂದು ಉಮೆಬೊಶಿ, ಉಪ್ಪಲ್ಲಿ ಹಾಕಿ ಒಣಗಿಸಿದ ಹುಳಿ ಹಣ್ಣು. ಊರವರು ಈ ನೀರನ್ನ ಅಡುಗೆಗೂ ಬಳಸ್ತಾರೆ, ಸ್ನಾನದ ಮನೆ ಪಕ್ಕ ಕ್ಯಾನ್ ತುಂಬಿಸ್ಕೊಂಡು ಹೋಗೋಕೆ ನಲ್ಲಿ ಇದೆ.

"ನೀನು ನಡ್ಕೊಂಡು ಹೋಗಿ ಬಾ, ನಾನಿಲ್ಲೇ ಇರ್ತೀನಿ" ಅಂತ ಅಮ್ಮನೇ ಕಳಿಸಿದ್ಲು. ಬಸ್ಸಲ್ಲಿ ಹೊಸ್ಶಿನ್ಮೊನ್‌ವರೆಗೆ ಹೋಗಿ ಅಲ್ಲಿಂದ ಹೊಂಗು ದೇವಸ್ಥಾನಕ್ಕೆ ಸುಮಾರು 7 ಕಿಲೋಮೀಟರ್, ಹೆಚ್ಚಿನದು ಇಳಿಜಾರು. ಸಣ್ಣ ಊರುಗಳು, ಚಹಾ ಗಿಡದ ಸಾಲು, ಕಾಯೋರಿಲ್ಲದ ಅಂಗಡಿ, ಅಂದ್ರೆ ಒಂದು ಹಲಗೆ ಮೇಲೆ ಕಿತ್ತಳೆ ಚೀಲ, ಪಕ್ಕದಲ್ಲಿ ದುಡ್ಡಿನ ಡಬ್ಬಿ. ಸುಗಿ ಕಾಡಿನ ಒಳಗೆ ಹೊಕ್ಕ ಮೇಲೆ ನಂದೇ ಹೆಜ್ಜೆ ಸದ್ದು.

ಫುಶಿಒಗಾಮಿ ಅನ್ನೋ ದಿಬ್ಬದಲ್ಲಿ ಬಹಳ ಹೊತ್ತು ನಿಂತೆ. ಎಷ್ಟೋ ದಿನ ನಡೆದು ಬಂದ ಯಾತ್ರಿಕರಿಗೆ ಹೊಂಗು ದೇವಸ್ಥಾನ ಮೊದಲು ಕಾಣೋದು ಇಲ್ಲಿಂದ, ಕಂಡ ಕೂಡ್ಲೇ ನೆಲಕ್ಕೆ ಬಿದ್ದು ನಮಸ್ಕಾರ ಮಾಡ್ತಿದ್ರು. ಇಲ್ಲೊಂದು ಹಳೇ ಕಲ್ಲಿದೆ, ಇಝುಮಿ ಶಿಕಿಬು ಹೆಸರಿನದ್ದು, ಸಾವಿರ ವರ್ಷದ ಹಿಂದೆ ಇದ್ದ ದೊಡ್ಡ ಕವಯಿತ್ರಿ. ಅವಳು ಕ್ಯೋಟೊದಿಂದ ಇಷ್ಟು ದೂರ ನಡೆದು ಬಂದು, ದೇವಸ್ಥಾನ ಕಣ್ಣಿಗೆ ಕಾಣೋ ಹೊತ್ತಿಗೆ ಮುಟ್ಟಾದ್ಲಂತೆ. ಇನ್ನು ದರ್ಶನ ಇಲ್ಲ ಅಂತ ದುಃಖದಲ್ಲಿ ಒಂದು ಪದ್ಯ ಬರೆದು ಮಲಗಿದ್ಲು. ರಾತ್ರಿ ಕನಸಲ್ಲಿ ಕುಮಾನೊ ದೇವರು ಬಂದು, ನಾನು ಲೋಕದ ಧೂಳಲ್ಲೇ ಬೆರೆತು ಇರೋ ದೇವರು, ನಿನ್ನ ಮುಟ್ಟು ನನಗೆ ಯಾವ ತೊಡಕು, ಬಾ ಅಂತ ಪದ್ಯದಲ್ಲೇ ಉತ್ತರ ಕೊಟ್ನಂತೆ. ಮಾರನೇ ದಿನ ಅವಳು ಹೋಗಿ ದರ್ಶನ ಮಾಡಿದ್ಲು. ಇದು ಐತಿಹ್ಯ, ಇತಿಹಾಸ ಅಂತ ನಾನು ಹೇಳ್ತಿಲ್ಲ. ಆದ್ರೆ ಹೆಂಗಸ್ರು, ಕುಷ್ಠ ಬಂದವರು, ಕುರುಡರು, ಯಾರನ್ನೂ ವಾಪಸ್ ಕಳಿಸದ ಜಾಗ ಅಂತ ಕುಮಾನೊಗೆ ಹೆಸರು ಬಂದಿದ್ದು ನಿಜ, ಜಪಾನಿನ ಎಷ್ಟೋ ಪವಿತ್ರ ಬೆಟ್ಟಗಳು ಹೆಂಗಸರನ್ನ ಹತ್ತಿರ ಬಿಡದ ಕಾಲದಲ್ಲಿ ಇದು ಬಿಟ್ಟಿತ್ತು. ಇದೇ ಕೀ ಪರ್ಯಾಯ ದ್ವೀಪದ ಓಮಿನೆ ಬೆಟ್ಟದ ಶಿಖರಕ್ಕೆ ಇವತ್ತಿಗೂ ಹೆಂಗಸರನ್ನ ಬಿಡಲ್ಲ.

ಹೊಂಗು ದೇವಸ್ಥಾನಕ್ಕೆ 158 ಮೆಟ್ಟಿಲು, ಮರದ ತೊಗಟೆ ಹೊದಿಸಿದ ದಪ್ಪ ಮಾಡು, ಎಲ್ಲ ಕಡೆ ಮೂರು ಕಾಲಿನ ಕಾಗೆ ಚಿತ್ರ. ಯಾತಾಗಾರಾಸು ಅಂತ, ದಾರಿ ತೋರಿಸೋ ಕಾಗೆ, ಜಪಾನ್ ಫುಟ್‌ಬಾಲ್ ತಂಡದ ಅಂಗಿ ಮೇಲಿರೋದೂ ಇದೇ. ನಮಸ್ಕಾರ ಮಾಡಿ ಬಸ್ ಹಿಡಿದೆ, ಮನಸ್ಸು ಆ ದಿಬ್ಬದಲ್ಲೇ ಇತ್ತು.

ವಾಪಸ್ ಬಂದ್ರೆ ಅಮ್ಮ ರೂಮಲ್ಲಿಲ್ಲ. ಹಳ್ಳದ ಪಕ್ಕ ಯುಝುತ್ಸು ಅಂತ ಒಂದು ಕಲ್ಲಿನ ತೊಟ್ಟಿ ಇದೆ, 90 ಡಿಗ್ರಿ ನೀರು ಅದ್ರಲ್ಲಿ ಕುದೀತಾ ಇರುತ್ತೆ, ಊರವರು, ಬಂದವರು ಎಲ್ಲ ಬಲೆ ಚೀಲದಲ್ಲಿ ಮೊಟ್ಟೆ, ತರಕಾರಿ ಕಟ್ಟಿ ಇಳಿಬಿಟ್ಟು ಬೇಯಿಸ್ಕೊಳ್ತಾರೆ. ಯಜಮಾನಿ ಮತ್ತೆ ಅಮ್ಮ ಅಲ್ಲಿ ಬೆಂಚ್ ಮೇಲೆ ಕೂತು ಗೆಣಸು ಬೇಯೋದನ್ನ ಕಾಯ್ತಿದ್ರು, ಒಬ್ಬರು ಕನ್ನಡ ಒಬ್ಬರು ಜಪಾನೀ, ಇಬ್ಬರ ಕೈಯೂ ಮಂಡಿ ಮೇಲೆ. ಮಂಡಿ ನೋವಿನ ಮಾತೇ ಅಂತ ದೂರದಿಂದ್ಲೇ ಗೊತ್ತಾಯ್ತು. ಗೆಣಸು ಸಿಪ್ಪೆ ಸುಲಿದ್ರೆ ಒಳಗೆ ಜೇನು ಬಣ್ಣ, ಗಂಧಕದ್ದು ಚೂರು ಘಮ. ಅಲ್ಲೇ ಕೂತು ಇಝುಮಿ ಶಿಕಿಬು ಕಥೆ ಹೇಳಿದೆ. ಅಮ್ಮ ತಿನ್ನೋದು ನಿಲ್ಲಿಸಿದ್ಲು. ಮದುವೆಯಾದ ಹೊಸದ್ರಲ್ಲಿ ಹೊರಗಾದಾಗ ಜಗಲಿ ಮೂಲೇಲಿ ಚಾಪೆ, ಬೇರೆ ತಟ್ಟೆ, ಮಳೆಗಾಲದ ಚಳೀಲೂ ಅಲ್ಲೇ ಮಲಗ್ತಿದ್ದಿದ್ದು, ಒಂದು ವರ್ಷ ಧರ್ಮಸ್ಥಳಕ್ಕೆ ಅಂತ ಎಲ್ಲರೂ ಹೊರಟು ಇವಳೊಬ್ಬಳೇ ಮನೇಲಿ ಉಳಿದಿದ್ದು, ಎಲ್ಲ ಹೇಳಿದ್ಲು. ನಾನು ಇಷ್ಟು ವರ್ಷದಲ್ಲಿ ಕೇಳೇ ಇರದ ಮಾತುಗಳು. ಕೊನೆಗೆ "ಆ ದೇವರಿಗೆ ನಾನೂ ಒಂದು ನಮಸ್ಕಾರ ಮಾಡ್ಬೇಕು, ಕರ್ಕೊಂಡು ಹೋಗು" ಅಂದ್ಲು.

ಮೂರನೇ ದಿನ

ಮಳೆ. ಕೀ ಪರ್ಯಾಯ ದ್ವೀಪ ಜಪಾನಲ್ಲೇ ಹೆಚ್ಚು ಮಳೆ ಬೀಳೋ ಕಡೆಗಳಲ್ಲಿ ಒಂದು, ಆಗುಂಬೆ ಪಕ್ಕದವಳಿಗೆ ಮಳೆ ಶಬ್ದ ಕೇಳಿದ್ದೇ ಒಳ್ಳೇ ನಿದ್ದೆ. ಸ್ನಾನ, ಟೀ, ನಿದ್ದೆ, ಮತ್ತೆ ಸ್ನಾನ. ನಡುವೆ ಕೊಡೆ ಹಿಡ್ಕೊಂಡು ತೋಕೋಜಿ ದೇವಸ್ಥಾನಕ್ಕೆ ಹೋಗಿ ಬಂದ್ವಿ, ಬಸ್ ಸ್ಟಾಪ್ ಹತ್ರಾನೇ ಇದೆ. ಬಿಸಿನೀರಿನ ಗಸಿ ವರ್ಷಾನುಗಟ್ಟಲೆ ಗಟ್ಟಿಯಾಗಿ ತಾನೇ ಮೂಡಿದ್ದು ಅಂತ ನಂಬೋ ಯಾಕುಶಿ ಬುದ್ಧನ ಮೂರ್ತಿ ಅಲ್ಲಿಯದು. ಯಾಕುಶಿ ಅಂದ್ರೆ ಭೈಷಜ್ಯಗುರು, ಔಷಧಿ ಕೊಡೋ ಬುದ್ಧ.

ಮಧ್ಯಾಹ್ನ ಊಟಕ್ಕೆ ಮೆಹಾರಿ-ಝುಶಿ, ಸಾಸಿವೆ ಜಾತಿಯ ಸೊಪ್ಪನ್ನ ಉಪ್ಪಲ್ಲಿ ಹಾಕಿಟ್ಟು ಅದ್ರಲ್ಲಿ ಅನ್ನದ ಉಂಡೆ ಸುತ್ತಿದ್ದು, ಕಾಡಿಗೆ ಹೋಗೋರ ಬುತ್ತಿ. ಜೊತೆಗಿದ್ದ ಹಸಿರು ಪುಡಿ ನಾಲಿಗೆಗೆ ತಾಗಿದ್ದೇ ಅಮ್ಮ ಕಣ್ಣರಳಿಸಿ "ಇದು ಜುಮ್ಮನಕಾಯಿ ಅಲ್ವೇನೇ!" ಅಂದ್ಲು. ಸಾನ್ಶೊ ಅಂತಾರೆ, ನಿಜವಾಗ್ಲೂ ಅದೇ ಕುಲದ ಗಿಡ, ನಮ್ಮದು ದೊಡ್ಡ ಮರ ಇವರದ್ದು ಪೊದೆ, ಸಾನ್ಶೊ ಬೆಳೆಯೋದ್ರಲ್ಲಿ ವಾಕಾಯಾಮಾ ಪ್ರಾಂತ್ಯವೇ ಜಪಾನಿಗೆ ಮೊದಲು. ಯಜಮಾನಿ ಹಿತ್ತಿಲಿಗೆ ಕರ್ಕೊಂಡು ಹೋಗಿ ಗಿಡ ತೋರಿಸಿದ್ರು, ಅಮ್ಮ ಮುಳ್ಳು ಮುಟ್ಟಿ ನೋಡಿ, ಎಲೆ ಉಜ್ಜಿ ಮೂಸಿ, ತಂಬುಳಿ ಮಾಡೋ ವಿಧಾನ ಪೂರ್ತಿ ವಿವರಿಸಿದ್ಲು. ನಾನು ಅನುವಾದ ಮಾಡಿದೆ, ಅವರು ಕ್ಯಾಲೆಂಡರ್ ಹಿಂದೆ ಬರ್ಕೊಂಡ್ರು.

ಸಂಜೆ ಅವರೇ ಏಪ್ರಿಲ್ 13ರ ಹಬ್ಬದ ಬಗ್ಗೆ ಹೇಳಿದ್ರು. ಆವತ್ತು ಅಪ್ಪಂದಿರು ಪುಟ್ಟ ಗಂಡುಮಕ್ಕಳನ್ನ ಇಲ್ಲಿ ಮೀಯಿಸಿ, ಹೆಗಲ ಮೇಲೆ ಕೂರಿಸ್ಕೊಂಡು ಬೆಟ್ಟದ ದಾರೀಲಿ ಹೊಂಗುಗೆ ಹೋಗ್ತಾರೆ, ಮಗುವಿನ ಮೈಮೇಲೆ ದೇವರು ಇಳಿದಿರ್ತಾನೆ ಅನ್ನೋ ನಂಬಿಕೆ, ಅದಕ್ಕೇ ಪೂಜೆ ಜಾಗ ಬಿಟ್ಟು ಬೇರೆಲ್ಲೂ ಅದರ ಕಾಲು ನೆಲಕ್ಕೆ ತಾಗಬಾರದು.

ಹೊರಡೋ ದಿನ

ಅಮ್ಮನ ಮಂಡಿ ಪವಾಡವೇನೂ ಆಗಿಲ್ಲ, ಆದ್ರೆ ಬೆಳಗ್ಗೆ ಏಳೋವಾಗಿನ ಬಿಗಿತ ಕಮ್ಮಿ ಆಗಿದೆ ಅಂದ್ಲು. ಬಿಲ್ ಕೊಟ್ವಿ, ಅದ್ರಲ್ಲಿ ಸ್ನಾನದ ತೆರಿಗೆ ಅಂತ ಬೇರೇನೇ ಇರುತ್ತೆ. ಯಜಮಾನಿ ಒಂದು ಪೊಟ್ಟಣ ಸಾನ್ಶೊ ಕೊಟ್ರು, ಅಮ್ಮ ಊರಿಂದ ತಂದಿದ್ದ ರವಿಕೆ ಕಣ ಅರಿಶಿನ ಕುಂಕುಮದ ಜೊತೆ ಅವರ ಕೈಗಿಟ್ಲು, ಅವರು ಎರಡೂ ಕೈಯಲ್ಲಿ ತಗೊಂಡು ಹಣೆಗೆ ಒತ್ತಿಕೊಂಡ್ರು.

ಹೊಂಗುಲಿ ಇಳಿದು ಮೊದ್ಲು ಒಯುನೊಹಾರಾಗೆ ಹೋದ್ವಿ, ದಾರಿ ಸಪಾಟಾಗಿದೆ, ಅಮ್ಮ ಕೋಲಿಲ್ದೇ ನಡೆದ್ಲು. ದೇವಸ್ಥಾನ ಮೊದಲಿದ್ದಿದ್ದು ಇಲ್ಲೇ, ನದಿ ನಡುವಿನ ದಿಣ್ಣೆ ಮೇಲೆ. 1889ರ ನೆರೆ ಬಹುಪಾಲು ಗುಡಿಗಳನ್ನ ಕೊಚ್ಕೊಂಡು ಹೋಯ್ತು, ಉಳಿದವನ್ನ ಬಿಚ್ಚಿ ಮೇಲಿನ ಗುಡ್ಡಕ್ಕೆ ಸಾಗಿಸಿ ಕಟ್ಟಿದ್ರು. ಈಗಿಲ್ಲಿ 2000ದಲ್ಲಿ ನಿಲ್ಲಿಸಿದ ಉಕ್ಕಿನ ತೋರಿ, ಅಂದ್ರೆ ದೇವಸ್ಥಾನದ ಹೆಬ್ಬಾಗಿಲಿನ ಕಮಾನು ಇದೆ, ಎತ್ತರ 33.9 ಮೀಟರ್, ಗದ್ದೆ ಬಯಲಿನ ಮಧ್ಯೆ. ಖಾಲಿಯಾಗಿ ಉಳಿದ ಆ ಹುಲ್ಲಿನ ದಿಣ್ಣೆಗೇ ಹೆಚ್ಚು ಶಕ್ತಿ ಇದೆ ಅಂತ ನಂಗನ್ನಿಸಿದ್ದು. ಆಮೇಲೆ ಗುಡ್ಡದ ದೇವಸ್ಥಾನ. ಅಮ್ಮ ಕಂಬಿ ಹಿಡ್ಕೊಂಡು, ನಿಂತು ನಿಂತು, 158 ಮೆಟ್ಟಿಲೂ ಹತ್ತಿದ್ಲು. ಏನು ಕೇಳ್ಕೊಂಡೆ ಅಂದ್ರೆ, ಕೇಳೋಕೆ ಬಂದಿರಲಿಲ್ಲ, ಥ್ಯಾಂಕ್ಸ್ ಹೇಳೋಕೆ ಬಂದಿದ್ದು ಅಂದ್ಲು.

ಹೋಗೋರಿಗೆ ಇಷ್ಟು ಹೇಳ್ತೀನಿ. ಅಕ್ಟೋಬರ್, ನವೆಂಬರ್ ಮತ್ತೆ ವಸಂತದಲ್ಲಿ ನಡಿಗೆಯವರು ಜಾಸ್ತಿ, ಸಣ್ಣ ಮನೆಗಳಲ್ಲಿ ರೂಮೇ ನಾಲ್ಕೈದು, ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ. ನಗದು ತಗೊಂಡು ಹೋಗಿ. ಊರಲ್ಲಿ ಹೋಟೆಲ್ ತೀರಾ ಕಮ್ಮಿ, ರಾತ್ರಿ ಊಟ ಬೆಳಗಿನ ತಿಂಡಿ ಎರಡೂ ಸೇರಿಸಿಯೇ ಬುಕ್ ಮಾಡಿ, ಊಟದ ವಿಷಯ ಬರವಣಿಗೇಲಿ ತಿಳಿಸಿ. ಕಮ್ಮಿ ಅಂದ್ರೂ ಎರಡು ರಾತ್ರಿ ಇರಿ. ಚಳಿಗಾಲದಲ್ಲಿ ಹೋದ್ರೆ ಪಕ್ಕದ ಕಾವಾಯು ಊರಲ್ಲಿ ನದಿಗೇ ಒಡ್ಡು ಕಟ್ಟಿ ದೊಡ್ಡ ಬಿಸಿನೀರ ಕೊಳ ಮಾಡಿರ್ತಾರೆ, ಸೆನ್ನಿನ್‌ಬುರೊ ಅಂತ ಅದರ ಹೆಸರು, ಬರೆಯೋದು ತಪಸ್ವಿಗಳ ಸ್ನಾನ ಅಂತ, ಕಿವಿಗೆ ಸಾವಿರ ಜನರ ಸ್ನಾನ ಅಂತಲೂ ಕೇಳುತ್ತೆ, ಅಲ್ಲಿ ಈಜುಡುಗೆ ಹಾಕ್ಕೊಂಡು ಇಳೀಬಹುದು. ಮುಂದಿನ ಸಲ ಚಿಕ್ಕಮ್ಮನ್ನೂ ಕರ್ಕೊಂಡು ಫೆಬ್ರವರೀಲಿ ಬರೋಣ ಅಂತ ಅಮ್ಮ ಆಗ್ಲೇ ಅವಳಿಗೆ ಫೋನ್ ಮಾಡಿ ಪಾಸ್‌ಪೋರ್ಟಿಗೆ ಅರ್ಜಿ ಹಾಕು ಅಂದಿದಾಳೆ.